ತ್ರಾಪಿಜ್ಯದಲ್ಲಿ ಒಂದು ಕೋನವನ್ನೂ ಕೊಟ್ಟಿಲ್ಲ, ನಾಲ್ಕನ್ನೂ ಕೇಳಿದ್ದಾರೆ. ಹೇಗೆ?

ಬಿ ಬ್ಲಾಕ್ ಅಮ್ಮ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಮಗಳು ಒಂಬತ್ತನೇ ಕ್ಲಾಸು, ಕನ್ನಡ ಮೀಡಿಯಂ. ಮನೆಗೆ ಒಂದು ಲೆಕ್ಕ ತಂದಿದ್ದಾಳೆ. ನಾನು ಓದಿದ್ದು ಕಾಮರ್ಸು, ರೇಖಾಗಣಿತ ಬಿಟ್ಟು ಕಾಲವಾಯಿತು. ಗೊತ್ತಿರುವವರು ಸ್ವಲ್ಪ ಹೇಳಿಕೊಡಿ.

ಲೆಕ್ಕ ಇದು: ಎಬಿಸಿಡಿ ಒಂದು ತ್ರಾಪಿಜ್ಯ. ಕೆಳಗಿನ ಎಬಿ, ಮೇಲಿನ ಡಿಸಿ ಸಮಾಂತರ. ಎಡಿ = ಡಿಸಿ = ಸಿಬಿ. ಕರ್ಣ ಎಸಿ = ಎಬಿ. ನಾಲ್ಕೂ ಕೋನಗಳನ್ನು ಕಂಡುಹಿಡಿಯಿರಿ.

ಅಷ್ಟೇ. ಒಂದು ಡಿಗ್ರಿ ಕೂಡ ಕೊಟ್ಟಿಲ್ಲ. ಚಿತ್ರ ಬರೆದು ಅಳಿಸಿ, ಬರೆದು ಅಳಿಸಿ, ಸಿ ಮೂಲೆಯಲ್ಲಿ ಹಾಳೆಯೇ ತೂತಾಗಿದೆ. ಕೋನಮಾಪಕ ಇಟ್ಟರೆ ಒಂದು ಚಿತ್ರದಲ್ಲಿ 70 ಬರುತ್ತದೆ, ಇನ್ನೊಂದರಲ್ಲಿ 75. "ಅಳತೇನೇ ಕೊಡದೆ ಉತ್ತರ ಎಲ್ಲಿಂದ ಬರುತ್ತಮ್ಮಾ" ಅಂತಾಳೆ. ನನಗೂ ಅದೇ ಅನುಮಾನ. ಪ್ರಶ್ನೆಯೇ ತಪ್ಪಿರಬಹುದಾ?

ವಿದ್ಯಾನಗರ ಟ್ಯೂಷನ್

ಪ್ರಶ್ನೆ ಸರಿಯಾಗಿದೆ ಮೇಡಂ. ಉತ್ತರ: ಎ ಮತ್ತು ಬಿ 72 ಡಿಗ್ರಿ, ಸಿ ಮತ್ತು ಡಿ 108 ಡಿಗ್ರಿ.

∠ಡಿಎಸಿ = ಎಕ್ಸ್ ಇರಲಿ. ಎಡಿ = ಡಿಸಿ, ಆದ್ದರಿಂದ ∠ಡಿಸಿಎ = ಎಕ್ಸ್. ಪರ್ಯಾಯ ಕೋನ, ಆದ್ದರಿಂದ ∠ಸಿಎಬಿ = ಎಕ್ಸ್. ಒಟ್ಟು ∠ಎ = 2ಎಕ್ಸ್ = ∠ಬಿ. ಎಸಿ = ಎಬಿ, ಆದ್ದರಿಂದ ∠ಎಸಿಬಿ = 2ಎಕ್ಸ್. ತ್ರಿಭುಜ ಎಬಿಸಿಯಲ್ಲಿ 5ಎಕ್ಸ್ = 180. ಎಕ್ಸ್ = 36. ಮುಗಿಯಿತು.

ಬಿ ಬ್ಲಾಕ್ ಅಮ್ಮ, ದಾವಣಗೆರೆ

ತುಂಬಾ ಥ್ಯಾಂಕ್ಸ್ ಮೇಡಂ. ಆದರೆ ಮಗಳು ಎರಡು ಕಡೆ ನಿಂತಿದ್ದಾಳೆ. ಪರ್ಯಾಯ ಕೋನ ಅಂದಿರಲ್ಲ, ಅದು ಈ ಚಿತ್ರದಲ್ಲಿ ಎಲ್ಲಿದೆ? ಎ ಕೋನ, ಬಿ ಕೋನ ಎರಡೂ ಸಮ ಅಂತ ನೇರವಾಗಿ ಬರೆದುಬಿಟ್ಟಿರಿ, ಯಾಕೆ ಸಮ? ನೋಟ್ಸಿಗೆ ಕಾಪಿ ಮಾಡಿಕೋ ಅಂದೆ. ಅರ್ಥ ಆಗದೆ ಬರೆಯಲ್ಲ ಅಂತ ಕೂತಿದ್ದಾಳೆ.

ದುರ್ಗದ ಮೇಷ್ಟ್ರು

ಹಾಗೆ ಕೂತಿದ್ದಾಳಲ್ಲ, ಆ ಹುಡುಗಿಗೆ ಗಣಿತ ಬರುತ್ತದೆ ತಾಯಿ. ನಾನು ಚಿತ್ರದುರ್ಗದ ಕಡೆಯವನು. ಹೈಸ್ಕೂಲಿನಲ್ಲಿ ಇದನ್ನೇ ಹೇಳುತ್ತಾ ರಿಟೈರ್ ಆದವನು.

ಮೊದಲು ಎಕ್ಸ್ ಬಿಟ್ಟುಬಿಡಿ. ಕೋನವನ್ನು 'ಪಾಲು' ಅಂತ ಎಣಿಸೋಣ. ಹೊಸ ಹಾಳೆ ತಗೊಳ್ಳಲಿ. ಚಿತ್ರ ದೊಡ್ಡದಾಗಿರಲಿ, ಅರ್ಧ ಹಾಳೆ ತುಂಬಲಿ. ಮಕ್ಕಳು ಬೆಂಕಿಪೊಟ್ಟಣದಷ್ಟು ಚಿತ್ರ ಬರೆದು ಅದರೊಳಗೆ ಆರು ಕೋನ ತುಂಬಿಸಲು ಹೋಗುತ್ತಾರೆ. ಅರ್ಧ ಗೊಂದಲ ಅಲ್ಲೇ ಹುಟ್ಟುತ್ತದೆ.

ಸಮ ಇರುವ ಮೂರು ಬಾಹುಗಳಿಗೆ ಒಂದೊಂದು ಅಡ್ಡಗೀಟು ಹಾಕಲಿ. ಎಸಿ ಮತ್ತು ಎಬಿಗೆ ಎರಡೆರಡು ಗೀಟು. ಈಗ ಕರ್ಣದ ಮೇಲಿರುವ ತ್ರಿಭುಜ ಎಡಿಸಿಯನ್ನು ಮಾತ್ರ ನೋಡಲಿ, ಉಳಿದದ್ದನ್ನು ಕೈಯಿಂದ ಮುಚ್ಚಲಿ. ಎರಡು ಬಾಹು ಸಮ ಇವೆ, ಅಂದರೆ ಸಮದ್ವಿಬಾಹು. ಸಮ ಬಾಹುಗಳ ಎದುರಿನ ಕೋನಗಳು ಸಮ. ಕರ್ಣದ ಎರಡು ತುದಿಯಲ್ಲಿ ಒಂದೊಂದು ಚುಕ್ಕಿ ಇಡಲಿ. ಒಂದು ಚುಕ್ಕಿ ಅಂದರೆ ಒಂದು ಪಾಲು.

ಈಗ ಕೈ ತೆಗೆಯಲಿ. ಡಿಸಿ, ಎಬಿ ಎರಡು ಸಮಾಂತರ ಗೆರೆಗಳು. ಅವುಗಳ ನಡುವೆ ಎಸಿ ಓರೆಯಾಗಿ ದಾಟಿದೆ. ಸಿ ಹತ್ತಿರ ಡಿಸಿ ಮತ್ತು ಕರ್ಣದ ನಡುವೆ ಒಂದು ಚುಕ್ಕಿ ಇದೆ ಅಲ್ವಾ, ಅದರ ಜೋಡಿ ಎ ಹತ್ತಿರ, ಕರ್ಣದ ಆ ಕಡೆ ಇದೆ: ∠ಸಿಎಬಿ. ಗುರುತು ಸಿಗದಿದ್ದರೆ ಡಿ, ಸಿ, ಎ, ಬಿ ಅಂತ ಬೆರಳಾಡಿಸಲಿ. ಝಡ್ ಆಕಾರ ಬರುತ್ತದೆ. ಝಡ್‌ನ ಒಳಗಿನ ಎರಡು ಮೂಲೆಗಳೇ ಪರ್ಯಾಯ ಕೋನಗಳು. ಅಲ್ಲೂ ಒಂದು ಚುಕ್ಕಿ.

ಎ ಮೂಲೆಯಲ್ಲಿ ಈಗ ಎಷ್ಟು ಚುಕ್ಕಿ? ಎರಡು. ಬಿ ಮೂಲೆಯಲ್ಲೂ ಎರಡು ಇಡಲಿ, ಯಾಕೆಂದು ಆಮೇಲೆ ಹೇಳುತ್ತೇನೆ. ಎಸಿ, ಎಬಿ ಸಮ ಇರುವುದರಿಂದ ಕೆಳಗಿನ ತ್ರಿಭುಜವೂ ಸಮದ್ವಿಬಾಹು. ಅದರ ಪಾದ ಸಿಬಿ. ಅಂದರೆ ಬಿ ಹತ್ತಿರ ಎರಡು ಚುಕ್ಕಿ ಇದ್ದರೆ ∠ಎಸಿಬಿಯಲ್ಲೂ ಎರಡು. ತ್ರಿಭುಜ ಎಬಿಸಿಯಲ್ಲಿ ಒಂದು, ಎರಡು, ಎರಡು. ಒಟ್ಟು ಐದು ಪಾಲು 180 ಡಿಗ್ರಿ. ಒಂದು ಪಾಲು 36.

ಇದರಲ್ಲಿ ತ್ರಾಪಿಜ್ಯದ ಸೂತ್ರ ಅಂತ ಏನೂ ಬಳಸಲಿಲ್ಲ. ತ್ರಾಪಿಜ್ಯದಲ್ಲಿ ಕೋನ ಹುಡುಕುವುದು ಅಂದರೆ ಅದರೊಳಗೆ ಅಡಗಿರುವ ಸಮದ್ವಿಬಾಹು ತ್ರಿಭುಜ ಹುಡುಕುವುದು. ಕೆಲವೊಮ್ಮೆ ಅದು ಚಿತ್ರದಲ್ಲೇ ಇರುತ್ತದೆ. ಕೆಲವೊಮ್ಮೆ ನಾವೇ ಒಂದು ಗೆರೆ ಎಳೆದು ಮಾಡಿಕೊಳ್ಳಬೇಕು.

ಸುಮ್ನೆ ಕೇಳ್ತೀನಿ

ಮೇಷ್ಟ್ರೇ, "ಬಿ ಮೂಲೆಯಲ್ಲೂ ಎರಡು ಇಡಲಿ" ಅಂತ ನಯವಾಗಿ ದಾಟಿಸಿಬಿಟ್ಟಿರಿ! ಎಡಿ = ಬಿಸಿ ಅಂದ ಮಾತ್ರಕ್ಕೆ ಪಾದಕೋನಗಳು ಸಮ ಆಗುತ್ತವಾ? ಸಮಾಂತರ ಚತುರ್ಭುಜದಲ್ಲೂ ಎಬಿ, ಡಿಸಿ ಸಮಾಂತರ. ಎಡಿ = ಬಿಸಿ. ಆದರೆ ಅಲ್ಲಿ ಎ ಕೋನ 60 ಇದ್ದರೆ ಬಿ 120 ಇರುತ್ತದೆ.

ದುರ್ಗದ ಮೇಷ್ಟ್ರು

ಈ ತಕರಾರು ಬರಲಿ ಅಂತಲೇ ಕಾಯುತ್ತಿದ್ದೆ.

ಸಿ ಬಿಂದುವಿನಿಂದ ಡಿಎಗೆ ಸಮಾಂತರವಾಗಿ ಒಂದು ಗೆರೆ ಎಳೆಯಿರಿ. ಅದು ಎಬಿಯನ್ನು ಇ ಎಂಬಲ್ಲಿ ಮುಟ್ಟಲಿ. ಎಇಸಿಡಿ ಸಮಾಂತರ ಚತುರ್ಭುಜವಾಯಿತು. ಆದ್ದರಿಂದ ಸಿಇ = ಡಿಎ. ಡಿಎ = ಸಿಬಿ ಅಂತ ಕೊಟ್ಟಿದ್ದಾರೆ. ಹಾಗಾಗಿ ಸಿಇ = ಸಿಬಿ. ತ್ರಿಭುಜ ಸಿಇಬಿ ಸಮದ್ವಿಬಾಹು, ∠ಸಿಇಬಿ = ∠ಸಿಬಿಇ. ಡಿಎ ಮತ್ತು ಸಿಇ ಸಮಾಂತರ, ಎಬಿ ಅವುಗಳ ಛೇದಕ. ಅನುರೂಪ ಕೋನಗಳು ಸಮ, ಅಂದರೆ ∠ಡಿಎಬಿ = ∠ಸಿಇಬಿ. ಕೊನೆಗೆ ∠ಎ = ∠ಬಿ.

ನಿಮ್ಮ ಸಮಾಂತರ ಚತುರ್ಭುಜಕ್ಕೆ ಇದನ್ನೇ ಮಾಡಲು ಹೋಗಿ. ಗೆರೆ ಸೀದಾ ಬಿ ಮೇಲೆ ಬಂದು ಬೀಳುತ್ತದೆ. ಇ ಮತ್ತು ಬಿ ಒಂದೇ ಆಗಿ ತ್ರಿಭುಜವೇ ಇಲ್ಲವಾಗುತ್ತದೆ. ಎಬಿ ಮತ್ತು ಡಿಸಿ ಉದ್ದ ಬೇರೆ ಬೇರೆ ಇದ್ದರೆ ಮಾತ್ರ ಈ ಮಾತು ನಿಲ್ಲುತ್ತದೆ. ಮಗಳ ಲೆಕ್ಕದಲ್ಲಿ ಆ ಭಯ ಇಲ್ಲ. ಎಬಿ, ಡಿಸಿ ಸಮ ಆಗಿದ್ದರೆ ನಾಲ್ಕು ಬಾಹುಗಳ ಜೊತೆ ಕರ್ಣ ಎಸಿಯೂ ಅಷ್ಟೇ ಉದ್ದ. ಎರಡು ಸಮಬಾಹು ತ್ರಿಭುಜ ಅಂಟಿಸಿದ ವಜ್ರಾಕೃತಿ ಆಗುತ್ತದೆ. ಒಂದೇ ಜೊತೆ ಬಾಹುಗಳು ಸಮಾಂತರ ಇರುವುದನ್ನೇ ತ್ರಾಪಿಜ್ಯ ಅನ್ನುವ ಕಡೆ ಅದು ಲೆಕ್ಕಕ್ಕೆ ಬರುವುದಿಲ್ಲ.

ವಿದ್ಯಾನಗರ ಟ್ಯೂಷನ್

ಮೇಷ್ಟ್ರು ಹೇಳಿದ್ದಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಈ ಲೆಕ್ಕ ಮಾಡಿದ ಮಕ್ಕಳು ಮುಂದಿನ ಲೆಕ್ಕದಲ್ಲಿ ಕರ್ಣ ಕಂಡ ತಕ್ಷಣ ಕೋನವನ್ನು ಅರ್ಧ ಮಾಡಿಬಿಡುತ್ತಾರೆ. ಇಲ್ಲಿ ಎಸಿ ಎ ಕೋನವನ್ನು ಅರ್ಧ ಮಾಡಿದ್ದು ಎಡಿ = ಡಿಸಿ ಆಗಿದ್ದರಿಂದ. ಅದೇ ಕರ್ಣ ಸಿ ಕೋನವನ್ನು ನೋಡಿ ಹೇಗೆ ಒಡೆದಿದೆ: 36 ಮತ್ತು 72. ಅರ್ಧ ಅಲ್ಲ.

ಇನ್ನೊಂದು ರೂಢಿ ಜಾಸ್ತಿ ನೋಡಿದ್ದೇನೆ. 'ತ್ರಾಪಿಜ್ಯ' ಅಂದ ಕೂಡಲೇ ಎರಡೂ ಕಡೆ ಒಂದೇ ಥರ ಇಳಿಜಾರಿರುವ ಚಿತ್ರ ಬರೆಯುತ್ತಾರೆ. ಪ್ರಶ್ನೆಯಲ್ಲಿ ಹಾಗೆ ಹೇಳಿರುವುದಿಲ್ಲ. ಎಲ್ಲ ತ್ರಾಪಿಜ್ಯಕ್ಕೂ ನಂಬಬಹುದಾದ್ದು ಒಂದೇ: ಎ ಮತ್ತು ಡಿ ಸೇರಿ 180, ಬಿ ಮತ್ತು ಸಿ ಸೇರಿ 180.

ಬಿ ಬ್ಲಾಕ್ ಅಮ್ಮ, ದಾವಣಗೆರೆ

ಇದು ಮಗಳೇ ಟೈಪ್ ಮಾಡುತ್ತಿರುವುದು. ಮೇಷ್ಟ್ರೇ, ಚುಕ್ಕಿ ಹಾಕಿ ಮಾಡಿದೆ, ಬಂತು. ಮುಂದಿನ ಲೆಕ್ಕ: "ಒಂದು ಸಮದ್ವಿಬಾಹು ತ್ರಿಭುಜದ ಒಂದು ಕೋನ 40 ಡಿಗ್ರಿ. ಉಳಿದವು ಎಷ್ಟು?" ನಾನು 70, 70 ಬರೆದೆ. ಗೆಳತಿ 40, 100 ಬರೆದಳು. ಯಾರದ್ದು ಸರಿ?

ದುರ್ಗದ ಮೇಷ್ಟ್ರು

ಇಬ್ಬರದ್ದೂ ಅರ್ಧ ಸರಿ ಮಗಳೇ. ಆ 40 ಎಲ್ಲಿದೆ ಅಂತ ಪ್ರಶ್ನೆ ಹೇಳಿಲ್ಲ. ಶೃಂಗದಲ್ಲಿದ್ದರೆ ಉಳಿದ 140ನ್ನು ಎರಡು ಪಾದಕೋನಗಳು ಹಂಚಿಕೊಳ್ಳುತ್ತವೆ: 70, 70. ಪಾದದಲ್ಲಿದ್ದರೆ ಇನ್ನೊಂದು ಪಾದಕೋನವೂ 40, ಶೃಂಗ 100. ಎರಡನ್ನೂ ಬರೆಯಬೇಕು. ಈಗ ನೀನೇ ಹೇಳು, 40ರ ಬದಲು 100 ಕೊಟ್ಟಿದ್ದರೆ?

ಬಿ ಬ್ಲಾಕ್ ಅಮ್ಮ, ದಾವಣಗೆರೆ

ಒಂದೇ ಉತ್ತರ. ಎರಡು 100 ತ್ರಿಭುಜದಲ್ಲಿ ಹಿಡಿಸಲ್ಲ. ಶೃಂಗ 100, ಪಾದ 40, 40. 90 ಕೊಟ್ಟರೂ ಒಂದೇ. 90ಕ್ಕಿಂತ ಕಡಿಮೆ ಇದ್ದರೆ ಎರಡು.

ಸುಮ್ನೆ ಕೇಳ್ತೀನಿ

60 ಕೊಟ್ಟರೆ, ಪುಟ್ಟಿ?

ಬಿ ಬ್ಲಾಕ್ ಅಮ್ಮ, ದಾವಣಗೆರೆ

ಅಯ್ಯೋ ಅಂಕಲ್. ಎರಡು ದಾರಿಯಲ್ಲೂ 60, 60, 60.

ಪಾಲಿಟೆಕ್ನಿಕ್ ಹುಡುಗ

ನಾನು ಮೊದಲಿನ ಲೆಕ್ಕವನ್ನು ಸಾಫ್ಟ್‌ವೇರ್‌ನಲ್ಲಿ ಬರೆದು ನೋಡಿದೆ. ಮೂರು ಸಮ ಬಾಹುಗಳು 10 ಸೆಂ.ಮೀ. ಇದ್ದರೆ ಎಬಿ 16.18 ಬರುತ್ತದೆ. 1.618, ಸ್ವರ್ಣ ಅನುಪಾತ! ಅಮ್ಮ, ಮಗಳಿಗೆ ಹೇಳಿ, ಎಬಿಯನ್ನು 16.2 ಇಟ್ಟುಕೊಂಡು ಉಳಿದ ಮೂರನ್ನು 10 ಇಟ್ಟು ಬರೆದರೆ ಕೋನಮಾಪಕವೂ 72 ತೋರಿಸುತ್ತದೆ. 70, 75 ಬರುತ್ತಿದ್ದದ್ದು ಕೋನಮಾಪಕದ ದೋಷ ಅಲ್ಲ. ಚಿತ್ರದಲ್ಲಿ ಎಸಿ, ಎಬಿ ಸಮ ಆಗಿರಲಿಲ್ಲ.

ಇನ್ನೊಂದು ಕಂಡಿತು. ಎಬಿ ಕೆಳಗೆ ಇನ್ನೊಂದು ಬಿಂದು ಇಟ್ಟು, ಅಲ್ಲಿಂದ ಎಗೂ ಬಿಗೂ 10 ಸೆಂ.ಮೀ. ಗೆರೆ ಎಳೆದರೆ ನಿಯಮಿತ ಪಂಚಭುಜ. ಅಂದರೆ ನಮ್ಮ ತ್ರಾಪಿಜ್ಯ ಪಂಚಭುಜದ ಮೂರು ಬಾಹು, ಒಂದು ಕರ್ಣ. 108 ಅದಕ್ಕೇ ಬಂದದ್ದು.

ಸುಮ್ನೆ ಕೇಳ್ತೀನಿ

ಹಾಗಾದರೆ ಎಸಿ = ಎಬಿ ಎಂಬ ಸಾಲನ್ನು ಅಳಿಸಿದರೆ?

ಪಾಲಿಟೆಕ್ನಿಕ್ ಹುಡುಗ

ಉತ್ತರ ನಿಲ್ಲುವುದಿಲ್ಲ ಅಣ್ಣ, ಜಾರುತ್ತದೆ. ಮೂರು ಸಮ ಪೊರಕೆಕಡ್ಡಿ ತಗೊಂಡು ಟೇಬಲ್ ಮೇಲೆ ಇಡಿ. ಮೂರೂ ಕಡ್ಡಿ ಸೇರಿದ ಉದ್ದಕ್ಕಿಂತ ಕಡಿಮೆ ಇರುವವರೆಗೆ ಕೆಳಗಿನ ಬಾಹು ಹಿಗ್ಗಬಹುದು. ಅದು ಉಳಿದವುಗಳ ಎರಡರಷ್ಟಾದರೆ ಪಾದಕೋನ 60, ಆಕಾರ ನಿಯಮಿತ ಷಡ್ಭುಜದ ಅರ್ಧ. 1.618ರಷ್ಟಾದರೆ 72. ಉಳಿದವುಗಳಷ್ಟೇ ಆಗಿ ಸಮ್ಮಿತಿ ಹಾಗೇ ಉಳಿದರೆ 90, ಚೌಕ. ಆದರೆ ಎ ಮೂಲೆಯಲ್ಲಿ ಎರಡು ಪಾಲು, ಬಿ ಮೂಲೆಯಲ್ಲಿ ಎರಡು ಪಾಲು ಎಂಬುದು ಇವೆಲ್ಲದರಲ್ಲೂ ಉಳಿಯುತ್ತದೆ. ಪಾಲಿನ ಬೆಲೆ ಮಾತ್ರ ಬದಲಾಗುತ್ತದೆ. ಆ ಬೆಲೆ ಕಟ್ಟುವುದು ಎಸಿ = ಎಬಿ ಎಂಬ ಸಾಲು.

ದುರ್ಗದ ಮೇಷ್ಟ್ರು

ಚೆನ್ನಾಗಿ ಹೇಳಿದೆ ತಮ್ಮ. ಈ 36, 72, 72ರ ತ್ರಿಭುಜ ಬಹಳ ಹಳೆಯದು. ಕ್ರಿ.ಪೂ. 300ರ ಸುಮಾರಿನ ಯೂಕ್ಲಿಡ್ ತನ್ನ ಎಲಿಮೆಂಟ್ಸ್‌ನ ನಾಲ್ಕನೇ ಭಾಗದಲ್ಲಿ, ಪಾದಕೋನ ಶೃಂಗಕೋನದ ಎರಡರಷ್ಟಿರುವ ಸಮದ್ವಿಬಾಹು ತ್ರಿಭುಜ ರಚಿಸುವುದು ಹೇಗೆ ಅಂತ ಹತ್ತನೇ ಪ್ರಮೇಯದಲ್ಲಿ ತೋರಿಸುತ್ತಾನೆ. ಹನ್ನೊಂದನೆಯದರಲ್ಲಿ ಅದನ್ನೇ ಹಿಡಿದು ವೃತ್ತದೊಳಗೆ ಪಂಚಭುಜ ಕೂರಿಸುತ್ತಾನೆ. ನೀನು ಸಾಫ್ಟ್‌ವೇರ್‌ನಲ್ಲಿ ಕಂಡದ್ದು ಅದೇ.

ನಮ್ಮ ಕಡೆಯದ್ದೂ ಒಂದಿದೆ. ಸುಮಾರು ಕ್ರಿ.ಶ. 850ರಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ಗಣಿತಸಾರಸಂಗ್ರಹದಲ್ಲಿ ಚತುರ್ಭುಜಗಳನ್ನು ಐದು ಬಗೆ ಮಾಡುತ್ತಾನೆ. ಮೂರು ಬಾಹು ಸಮ ಇರುವ ತ್ರಿಸಮ ಅದರಲ್ಲಿ ಒಂದು. ಮಗಳ ಲೆಕ್ಕದ ಆಕಾರ ಅದೇ ಗುಂಪಿನದು. ಆದರೆ ಆ ಕಾಲದ ನಮ್ಮವರಿಗೆ ಡಿಗ್ರಿಯ ಗೊಡವೆ ಅಷ್ಟಿರಲಿಲ್ಲ. ಮೇಲಿನ ಬಾಹು ಮುಖ, ಕೆಳಗಿನದು ಭೂಮಿ, ನಡುವೆ ಲಂಬ, ಕರ್ಣ. ಅವುಗಳಿಂದ ಕ್ಷೇತ್ರಫಲ ತೆಗೆಯುವುದು. ಹೊಲ ಅಳೆಯುವವನಿಗೆ ಬೇಕಾದದ್ದೂ ಅದೇ ತಾನೆ.

ವೆಲ್ಡಿಂಗ್ ಶಾಪ್, ಹಳೇ ಪಿಬಿ ರೋಡ್

ನಮಸ್ಕಾರ ಸರ್. ಮಕ್ಕಳ ಲೆಕ್ಕದ ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಜಾರಾಗಬೇಡಿ. ಮೆಕ್ಕೆಜೋಳದ ಮೆಷಿನ್‌ಗೆ ಹಾಪರ್ ಮಾಡಬೇಕು. ಮೇಲಿನ ಬಾಯಿ 60 ಸೆಂ.ಮೀ. ಚೌಕ, ಕೆಳಗಿನ ಬಾಯಿ 20 ಸೆಂ.ಮೀ. ಚೌಕ. ಮೂಲೆಯ ಓರೆ ಅಂಚು 40. ನಾಲ್ಕು ತಗಡು ಕತ್ತರಿಸಬೇಕು, ನಾಲ್ಕೂ ನೀವು ಹೇಳುವ ತ್ರಾಪಿಜ್ಯವೇ. ಯಾವ ಕೋನಕ್ಕೆ ಕತ್ತರಿಸಲಿ? ಈವರೆಗೆ ರಟ್ಟಿನಲ್ಲಿ ಮಾಡಿ ನೋಡಿ, ಆಮೇಲೆ ತಗಡಿಗೆ ಇಳಿಸುತ್ತಿದ್ದೆ.

ದುರ್ಗದ ಮೇಷ್ಟ್ರು

ಬಾಯಿ ಹಾಕಿದ್ದು ಒಳ್ಳೆಯದೇ ಆಯಿತು. ಮೇಲೆ ನಾನು ಎಳೆದ ಗೆರೆಯನ್ನೇ ಎಳೆಯಿರಿ. ಚಿಕ್ಕ ಅಂಚಿನ ಒಂದು ಮೂಲೆಯಿಂದ, ಎದುರಿನ ಓರೆ ಅಂಚಿಗೆ ಸಮಾಂತರವಾಗಿ. ದೊಡ್ಡ ಅಂಚಿನ 60ರಲ್ಲಿ 20 ಆಚೆ ಹೋಯಿತು, 40 ಉಳಿಯಿತು. ಎಳೆದ ಗೆರೆ 40. ಈ ಕಡೆಯ ಓರೆ ಅಂಚು 40. ಮೂರೂ 40!

ಬಿ ಬ್ಲಾಕ್ ಅಮ್ಮ, ದಾವಣಗೆರೆ

ಸಮಬಾಹು ತ್ರಿಭುಜ! 60 ಡಿಗ್ರಿ. ಹಾಗಾದರೆ ದೊಡ್ಡ ಅಂಚಿನ ಎರಡು ಮೂಲೆ 60, ಚಿಕ್ಕ ಅಂಚಿನವು 120. (ಮಗಳು)

ಪಾಲಿಟೆಕ್ನಿಕ್ ಹುಡುಗ

ಸರಿ ಉತ್ತರ. ಆದರೆ ಅಣ್ಣ, ಒಂದು ವಿಷಯ ಬೆರೆಸಿಬಿಡಬೇಡಿ. 60 ಅನ್ನುವುದು ತಗಡಿನ ಮೂಲೆ. ಹಾಪರ್ ಜೋಡಿಸಿದ ಮೇಲೆ ಕಾಳು ಜಾರುವ ಇಳಿಜಾರು 60 ಅಲ್ಲ. ತಗಡಿನ ನಡುಮಧ್ಯ ಮೇಲಿನಿಂದ ಕೆಳಕ್ಕೆ ಅಳೆದರೆ 34.6 ಸೆಂ.ಮೀ. ಅಷ್ಟು ಇಳಿಯುವಾಗ ಒಳಕ್ಕೆ 20 ಸೆಂ.ಮೀ. ಬರುತ್ತದೆ. ನೆಲಕ್ಕೆ ಹೋಲಿಸಿದ ಇಳಿಜಾರು ಸುಮಾರು 54.7 ಡಿಗ್ರಿ, ಹಾಪರ್ ಎತ್ತರ ಸುಮಾರು 28.3 ಸೆಂ.ಮೀ. ಸ್ಟ್ಯಾಂಡ್ ಮಾಡುವಾಗ ಈ ಎತ್ತರ ಬೇಕಾಗುತ್ತದೆ.

ವೆಲ್ಡಿಂಗ್ ಶಾಪ್, ಹಳೇ ಪಿಬಿ ರೋಡ್

ಅದೇ ಈಗ ಗೊತ್ತಾಯಿತು ನೋಡಿ. ತಗಡಿನ ಕೋನವನ್ನೇ ಇಳಿಜಾರು ಅಂದುಕೊಂಡು ಸ್ಟ್ಯಾಂಡ್ ಮಾಡುವವರು ಜಾಸ್ತಿ. ಆಮೇಲೆ ಬುಡಕ್ಕೆ ತುಂಡು ಕಬ್ಬಿಣ ಕೊಟ್ಟು ಅಡ್ಜಸ್ಟ್ ಮಾಡುತ್ತಾರೆ. ಕತ್ತರಿಸಿದ ತಗಡು ಸರಿ ಇದೆಯಾ ಅಂತ ಟೇಪಿನಲ್ಲೇ ನೋಡಲು ದಾರಿ ಇದೆಯಾ? ಕೋನ ಅಳೆಯುವ ಸಾಮಾನು ಅಂಗಡಿಯಲ್ಲಿ ಇದೆ, ಅದರ ಮೇಲೆ ನನಗೆ ನಂಬಿಕೆ ಕಡಿಮೆ.

ಪಾಲಿಟೆಕ್ನಿಕ್ ಹುಡುಗ

ಇದೆ. ಎರಡು ಕರ್ಣ ಅಳೆಯಿರಿ. ಎರಡೂ ಒಂದೇ ಬಂದರೆ ಎರಡು ಕಡೆಯ ಕೋನ ಸಮ. ಎಷ್ಟು ಬರಬೇಕು ಅಂತಲೂ ತೆಗೆಯಬಹುದು: ಓರೆ ಅಂಚಿನ ವರ್ಗಕ್ಕೆ, ದೊಡ್ಡ ಅಂಚು ಗುಣಿಸು ಚಿಕ್ಕ ಅಂಚು ಸೇರಿಸಿ. 40 × 40 = 1600. 60 × 20 = 1200. ಒಟ್ಟು 2800. ವರ್ಗಮೂಲ 52.9. ಟೇಪಿನಲ್ಲಿ ಎರಡೂ ಕರ್ಣ 52.9 ಸೆಂ.ಮೀ. ಬರಬೇಕು.

ನಾಲೆ ಬದಿ ರೈತ

ನಮ್ಮ ಭದ್ರಾ ನಾಲೆಯನ್ನು ಅಡ್ಡ ಕೊಯ್ದು ನೋಡಿದರೂ ಇದೇ ಆಕಾರ, ತಲೆಕೆಳಗು. ಮೇಲೆ ಅಗಲ, ತಳ ಕಿರಿದು. ಇಂಜಿನಿಯರುಗಳು ಡಿಗ್ರಿ ಮಾತಾಡಿದ್ದು ಕೇಳಿಲ್ಲ. "ಒಂದಕ್ಕೆ ಒಂದೂವರೆ" ಅನ್ನುತ್ತಾರೆ. ಅದನ್ನು ಕೋನ ಮಾಡಿದರೆ ಎಷ್ಟಾಗುತ್ತದೆ?

ಪಾಲಿಟೆಕ್ನಿಕ್ ಹುಡುಗ

ಒಂದು ಮೀಟರ್ ಇಳಿಯಲು ಒಂದೂವರೆ ಮೀಟರ್ ಅಡ್ಡ ಹೋದರೆ ನೀರಿನ ಮಟ್ಟದ ಜೊತೆ 33.7 ಡಿಗ್ರಿ. ತಳದ ಮೂಲೆ 180 ಕಳೆ 33.7, ಅಂದರೆ 146.3. ಒಂದಕ್ಕೆ ಒಂದಾದರೆ 45 ಮತ್ತು 135. ಬರೀ ಮಣ್ಣಿನ ಏರಿಯಾದರೆ ಕಡಿದಾಗಿ ಇಟ್ಟಷ್ಟೂ ಕುಸಿಯುವ ಭಯ. ಅದಕ್ಕೇ ಅಡ್ಡ ಜಾಸ್ತಿ ಬಿಡುತ್ತಾರೆ.

ವಿದ್ಯಾನಗರ ಟ್ಯೂಷನ್

ಮಗಳಿಗೆ ನನ್ನ ಕಡೆಯಿಂದ ಒಂದು. ಅದೇ ತ್ರಾಪಿಜ್ಯ, ಎಡಿ = ಡಿಸಿ = ಸಿಬಿ. ಆದರೆ ಎಸಿ = ಎಬಿ ಬೇಡ. ಅದರ ಬದಲು ಕರ್ಣ ಎಸಿ, ಬಾಹು ಸಿಬಿಗೆ ಲಂಬ. ಕೋನಗಳೆಷ್ಟು?

ಬಿ ಬ್ಲಾಕ್ ಅಮ್ಮ, ದಾವಣಗೆರೆ

ಎ ಹತ್ತಿರ ಕರ್ಣದ ಕೆಳಗೆ ಒಂದು ಚುಕ್ಕಿ. ಬಿಯಲ್ಲಿ ಎರಡು. ಸಿಯಲ್ಲಿ 90. ಮೂರು ಚುಕ್ಕಿ 90, ಒಂದು 30. ಎ, ಬಿ 60. ಸಿ, ಡಿ 120. ಪೊರಕೆಕಡ್ಡಿಯ ಷಡ್ಭುಜದ ಅರ್ಧವೇ ಇದು! ಹಾಗಾದರೆ ಎಬಿ ಉಳಿದವುಗಳ ಎರಡರಷ್ಟು. ಅಳತೆ ಕೊಡದಿದ್ದರೂ ಉದ್ದದ ಹೋಲಿಕೆ ಕೊಟ್ಟಿದ್ದರು ಅಂತ ಅಮ್ಮನಿಗೆ ಹೇಳಿದೆ.

ವೆಲ್ಡಿಂಗ್ ಶಾಪ್, ಹಳೇ ಪಿಬಿ ರೋಡ್

ತಮ್ಮಾ, ಇನ್ನೊಂದು ಗಿರಾಕಿ ಬಂದಿದ್ದಾರೆ. ಅವರಿಗೆ ಮೇಲಿನ ಬಾಯಿ 50 ಸಾಕಂತೆ. ಕೆಳಗೆ 20, ಓರೆ ಅಂಚು 40 ಅದೇ. ಇದರಲ್ಲಿ ಮೂರೂ ಸಮ ಬರಲ್ಲ ಅಲ್ವಾ?

ಪಾಲಿಟೆಕ್ನಿಕ್ ಹುಡುಗ

ಬರಲ್ಲ ಅಣ್ಣ. ಗೆರೆ ಎಳೆದರೆ 40, 40, 30ರ ಸಮದ್ವಿಬಾಹು ತ್ರಿಭುಜ. ಪಾದ 30ನ್ನು ಅರ್ಧ ಮಾಡಿ, 15. 15 ಭಾಗಿಸು 40, ಅಂದರೆ 0.375. ಕ್ಯಾಲ್ಕುಲೇಟರಿನಲ್ಲಿ ಕಾಸ್ ಇನ್ವರ್ಸ್ ಒತ್ತಿದರೆ 68 ಡಿಗ್ರಿಗೆ ಕೂದಲೆಳೆ ಕಡಿಮೆ. ದೊಡ್ಡ ಅಂಚಿನಲ್ಲಿ 68, ಚಿಕ್ಕ ಅಂಚಿನಲ್ಲಿ 112 ಇಟ್ಟು ಕತ್ತರಿಸಿ. ಕರ್ಣಕ್ಕೆ 1600 ಕೂಡಿಸು 1000, ವರ್ಗಮೂಲ 51. ಟೇಪಿನಲ್ಲಿ 51 ಬಂದ ಮೇಲೇ ವೆಲ್ಡಿಂಗ್ ಶುರು ಮಾಡಿ.